ಆಯಿಲ್ ಕಾದ ಮ್ಯಾಲೆ ಬ್ಯಾಕ್‌ಹೋ ಬೂಮ್ ನಿಧಾನ: ಪಂಪ್ ಬದಲಿ ಮಾಡಬೇಕೇನ್ರಿ?

ಪ್ರಶ್ನೆ, ಮುಧೋಳ:
ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ (ಮುಂದ ಲೋಡರ್, ಹಿಂದ ಅಗಿಯೂ ತೋಳು ಇರೂ ಮಷೀನ್) ತಗೊಂಡೀವ್ರಿ. ಮುಂಜಾನೆ ಚಲೋ ನಡಿತೈತಿ, ಹೈಡ್ರಾಲಿಕ್ ಆಯಿಲ್ ಕಾದ ಮ್ಯಾಲೆ ಹಿಂದಿನ ಬೂಮ್ (ಅಗಿಯೂ ತೋಳಿನ ಬುಡದ ಭಾಗ) ನಿಧಾನ. ಇಂಜಿನ್ ಬಂದ್ ಮಾಡಿದರ ಎತ್ತಿದ ಬೂಮ್ ತಾನ ಇಳಿತೈತಿ. ಕಿಂಗ್‌ಪೋಸ್ಟ್ (ಬೂಮ್ ಎಡಕ್ಕ ಬಲಕ್ಕ ತಿರುಗೂ ಕೀಲು) ಅಲುಗಾಡತೈತಿ. ಪಂಪ್ ಬದಲಿ ಮಾಡ್ರಿ ಅಂತಾರ. ಮೊದಲ ಏನ ನೋಡಬೇಕು?

ಬಾಗಲಕೋಟೆ, ಹೈಡ್ರಾಲಿಕ್ ಕೆಲಸದವರು:
ಪಂಪಿಗೆ ಈಗ ಕೈ ಹಚ್ಚಬ್ಯಾಡ್ರಿ. ಇಂಜಿನ್ ಬಂದಾದರ ಪಂಪ್ ತಿರುಗೂದs ಇಲ್ಲ. ಆವಾಗ ಬೂಮ್ ಇಳಿತೈತಿ ಅಂದ್ರ ಸಿಲಿಂಡರಿನ ಪಿಸ್ಟನ್ ಸೀಲ್ ದಾಟಿ, ಇಲ್ಲಾ ಕಂಟ್ರೋಲ್ ವಾಲ್ವಿನ ಸ್ಪೂಲ್ (ಲಿವರ್ ಆಡಿಸಿದಾಗ ಸರಿದು ಆಯಿಲಿಗೆ ದಾರಿ ಬಿಡೂ ಕಡ್ಡಿ) ದಾಟಿ ಆಯಿಲ್ ಹೋಗತೈತಿ. ಇಳಿಯೂದು ಬ್ಯಾರೆ ತೊಂದರೆ, ನಿಧಾನ ಆಗೂದು ಬ್ಯಾರೆ.

ಸೀಲ್ ಹಿಂಗ ತಪಾಸ ಮಾಡ್ರಿ. ಬೂಮ್ ಪೂರ್ತಿ ಎತ್ತಿ ಲಾಕ್ ಹಾಕ್ರಿ. ಇಂಜಿನ್ ಬಂದ್ ಮಾಡಿ, ಲಿವರ್ ಆ ಕಡೆ ಈ ಕಡೆ ಆಡಿಸಿ ಪ್ರೆಶರ್ ಬಿಡ್ರಿ. ಬೂಮ್ ಇಳಿಸೂ ಕಡೆ ಹೋಸ್ ಸಿಲಿಂಡರಿನಿಂದ ಬಿಚ್ಚಿ, ಹೋಸಿನ ಬಾಯಿಗೆ ಪ್ಲಗ್ ಹಾಕಿ, ಸಿಲಿಂಡರಿನ ಬಾಯಿ ಕೆಳಗ ಬಕೆಟ್ ಇಡ್ರಿ. ಇಂಜಿನ್ ಸಣ್ಣ ರೇಸಿನ್ಯಾಗ ಇಟ್ಟು ‘ಎತ್ತು’ ಲಿವರ್ ಕೆಲವು ಸೆಕೆಂಡ್ ಹಿಡೀರಿ; ಇಳಿಸೂ ಕಡೆ ಒತ್ತಬ್ಯಾಡ್ರಿ. ಒಳಗ ಉಳಿದ ಆಯಿಲ್ ಸ್ವಲ್ಪ ಬರೂದು ಸಹಜ. ಧಾರೆ ನಿಲ್ಲದ ಬಂದರ ಪಿಸ್ಟನ್ ಸೀಲ್ ಹೋಗೇತಿ. ನಿಂತರ ಸ್ಪೂಲ್ ಅಥವಾ ಕಂಟ್ರೋಲ್ ವಾಲ್ವಿನ್ಯಾಗ ಬೂಮ್ ಸೆಕ್ಷನ್ನಿನ ರಿಲೀಫ್ (ಪ್ರೆಶರ್ ಮಿತಿ ಮೀರಿದರ ಆಯಿಲ್ ಬಿಡೂ ವಾಲ್ವ್) ನೋಡ್ರಿ. ರಾಡಿನ ಮ್ಯಾಲೆ ಗೆರಿ ಬಿದ್ದಿದ್ದರ ಬರೀ ಸೀಲ್ ಕಿಟ್ ಹಾಕೂದು ದಂಡ, ಹೊಸ ಸೀಲೂ ಅದs ಗೆರಿಗೆ ಕೊಯ್ದು ಹೋಗತೈತಿ.

ವಿಜಯಪುರ, ಆಪರೇಟರ್:
ಮುಂದಿನ ಲೋಡರ್‌ನೂ ಕಾದಾಗ ನಿಧಾನ ಆಗ್ತದೇನು? ಎಲ್ಲಾ ನಿಧಾನ ಆದ್ರ ಸಕ್ಷನ್ (ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳಿಯೂ ದಾರಿ), ಮೇನ್ ರಿಲೀಫ್, ಪಂಪ್, ಈ ಸಾಲಿನ್ಯಾಗ ನೋಡ್ರಿ. ಬೂಮ್ ಒಂದೇ ನಿಧಾನ ಇದ್ರ ಪಂಪಿನ ಮ್ಯಾಲೆ ಸಂಶಯ ಬ್ಯಾಡ. ಟ್ಯಾಂಕಿನ್ಯಾಗ ನೊರಿ ಇದ್ರ ಸಕ್ಷನ್ ಹೋಸಿನ ಕ್ಲ್ಯಾಂಪ್ ಇಲ್ಲಾ ಓ-ರಿಂಗ್ ಗಾಳಿ ಎಳೀಲಿಕತ್ತದ. ಹಾಲಿನಂಗ ಬೆಳ್ಳಗಿದ್ರ ನೀರು ಸೇರ್ಯದ. ಸ್ಟ್ರೇನರ್ (ಸಕ್ಷನ್ ಜಾಲರಿ) ತೊಳದು, ಟೆಸ್ಟ್ ಪಾಯಿಂಟಿಗೆ ಗೇಜ್ ಹಚ್ಚಿ, ತಣ್ಣಗಿದ್ದಾಗ ಒಮ್ಮೆ, ಕಾದ ಮ್ಯಾಲೆ ಒಮ್ಮೆ ಒಂದೇ ಆರ್‌ಪಿಎಮ್‌ನ್ಯಾಗ ಓದ್ರಿ. ಮ್ಯಾನುವಲ್‌ನ್ಯಾಗಿನ ಅಂಕಿ ತಣ್ಣಗಿದ್ದಾಗ ಬಂದು, ಕಾದಾಗ ಇಳಿದ್ರ ಒಳಗ ಸೋರಿಕಿ ಅದ, ಇಲ್ಲಾ ತೆಳು ಗ್ರೇಡಿನ ಆಯಿಲ್ ಹಾಕ್ಯಾರ. ಗೇಜ್ ಇಲ್ಲದ ರಿಲೀಫ್ ಬಿಗಿ ಮಾಡಿಸಬ್ಯಾಡ್ರಿ, ಹೋಸ್ ಒಡೀತಾವ, ಚಲೋ ಇದ್ದ ಪಂಪೂ ಹಾಳಾಗ್ತದ.

ಬೆಳಗಾವಿ, ಲೇತ್ ಮತ್ತು ಬೋರಿಂಗ್:
ಕಿಂಗ್‌ಪೋಸ್ಟಿಗೆ: ಬಕೆಟ್ ನೆಲಕ್ಕಿಂತ ಸ್ವಲ್ಪs ಮ್ಯಾಲೆ ಇಟ್ಟು ಆಪರೇಟರ್ ಬೂಮ್ ಸಣ್ಣಗ ಎಡಕ್ಕ ಬಲಕ್ಕ ತಿರುವಲಿ. ಇನ್ನೊಬ್ಬರು ಬೂಮ್ ತಿರುಗೂ ಜಾಗಾದ ಹೊರಗ ನಿಂತು ನೋಡ್ಲಿ, ಸಂದು ಸ್ಲೂ ಸಿಲಿಂಡರಿನ (ಬೂಮ್ ಎಡಕ್ಕ ಬಲಕ್ಕ ತಿರುಗಿಸೂ ಸಿಲಿಂಡರ್) ಕಣ್ಣಾಗ ಐತೋ, ಕಿಂಗ್‌ಪೋಸ್ಟ್ ಪಿನ್ನಿನ್ಯಾಗ ಐತೋ ಅಂತ. ಬುಷ್ (ಪಿನ್ ಸುತ್ತಲಿನ ಲೋಹದ ಉಂಗುರ) ಕೂಡೂ ತೂತು ತತ್ತಿ ಆಕಾರ ಆಗಿದ್ದರ ಹೊಸ ಬುಷ್ ನಿಲ್ಲೂದಿಲ್ಲ. ವೆಲ್ಡ್ ತುಂಬಿ ಲೈನ್ ಬೋರಿಂಗ್ (ತೂತುಗಳನ್ನ ಒಂದೇ ನೇರಕ್ಕ ಕೊರೆಯೂದು) ಮಾಡಿಸ್ರಿ. ಮ್ಯಾಲಿನ ಮತ್ತು ಕೆಳಗಿನ ತೂತು ಒಂದೇ ಸೆಟ್ಟಿಂಗಿನ್ಯಾಗ ಬೋರ್ ಆಗಬೇಕು, ಇಲ್ಲಾಂದ್ರ ಪಿನ್ ಸೊಟ್ಟ ಕುಂತು ಮತ್ತ ಸವೀತೈತಿ. ಗ್ರೀಸ್ ದಿನಾ ಹಾಕ್ರಿ. ಎರಿ ಮಣ್ಣಿನ್ಯಾಗ ಹಸಿ ಇದ್ದಾಗ ದಿನಕ್ಕ ಎರಡು ಸಲ, ಮೊದಲ ನಿಪ್ಪಲ್ (ಗ್ರೀಸ್ ಹೊಡಿಯೂ ಬಾಯಿ) ಒರೆಸಿ, ಹಳೇ ಗ್ರೀಸ್ ಹೊರಗ ಬರೂತನಕ ಹೊಡೀರಿ. ನಿಪ್ಪಲ್ ಗ್ರೀಸ್ ತಗೊಳ್ಳದಿದ್ದರ ಅದನ್ನ ಬಿಚ್ಚಿ ದಾರಿ ಸ್ವಚ್ಛ ಮಾಡ್ರಿ.

ಮುಧೋಳ:
ಲೋಡರ್ ಕಾದಾಗೂ ಜೋರ ಐತ್ರಿ. ಬೂಮ್ ಅಷ್ಟs ನಿಧಾನ. ಸಿಲಿಂಡರ್ ಹತ್ರ ಹೋಸ್ ಸಣ್ಣಗ ಚಿಮ್ಮಿದಂಗ ಕಾಣತೈತಿ.

ಬಾಗಲಕೋಟೆ:
ಹಂಗಾದ್ರ ಮೊದಲ ಆ ಹೋಸ್ ಬದಲಿ, ಆಮ್ಯಾಲೆ ಸೀಲ್ ಟೆಸ್ಟ್. ಚಿಮ್ಮೂ ಜಾಗ ಬೆರಳಿನಿಂದ ಹುಡುಕಬ್ಯಾಡ್ರಿ, ದೂರದಿಂದ ರಟ್ಟು ಹಿಡಿದು ನೋಡ್ರಿ. ಆ ಪ್ರೆಶರಿನ ಆಯಿಲ್ ಚರ್ಮ ತೂರಿ ಒಳಗ ಹೋಗತೈತಿ, ಗಾಯ ಸೂಜಿ ಚುಚ್ಚಿದಷ್ಟs ಕಂಡರೂ ಆ ಕ್ಷಣಾನ ದವಾಖಾನಿಗೆ ಹೋಗಬೇಕು.