ಕೊನೆಕೊಯ್ಲಿನ ಹೊತ್ತಲ್ಲಿ ಹತ್ತು ಸೂತ್ರ

ಗುಂಪು: ಮೇಲಿನಮನೆ ಕುಟುಂಬ

ಚಿಕ್ಕಪ್ಪ, ಬೆಳಿಗ್ಗೆ 5:48
(ಫಾರ್ವರ್ಡ್) ಎಷ್ಟೇ ಕೆಲಸವಿದ್ದರೂ ಮನಸ್ಸು ಶಾಂತವಾಗಿರಲು 10 ಸೂತ್ರಗಳು. 1) ನಾಲ್ಕೂವರೆಗೆ ಏಳಿ. 2) ತಾಮ್ರದ ಚೊಂಬಿನಲ್ಲಿಟ್ಟ ನೀರು ಒಂದು ಲೀಟರ್ ಕುಡಿಯಿರಿ. 3) ಮೈಗೆಲ್ಲ ಎಳ್ಳೆಣ್ಣೆ, ಅರ್ಧ ಗಂಟೆ. 4) ಸೂರ್ಯ ನಮಸ್ಕಾರ 12. 5) ಪ್ರಾಣಾಯಾಮ, ಧ್ಯಾನ 40 ನಿಮಿಷ. 6) ಕೃತಜ್ಞತೆಯ ಡೈರಿ ಬರೆಯಿರಿ... ಇನ್ನಷ್ಟು ಓದಿ

ಚಿಕ್ಕಪ್ಪ, 5:49
ಎಲ್ಲರೂ ತಪ್ಪದೆ ಓದಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಇರುವವರಿಗೆ ಇದು ತುಂಬಾ ಅಗತ್ಯ.

ದೊಡ್ಡಮ್ಮ, 6:05
ಚೆನ್ನಾಗಿದೆ 🙏 ನಾವೆಲ್ಲ ಹೀಗೇ ಬದುಕಿದವರು.

ಅಕ್ಕ, 6:31
ಚಿಕ್ಕಪ್ಪ, ತಪ್ಪು ತಿಳ್ಕೋಬೇಡಿ. ಪೂರ್ತಿ ಓದಿ ಕೂಡಿಸಿ ನೋಡಿದೆ, ಹತ್ತೂ ಮಾಡೋಕೆ ಎರಡೂವರೆ ಗಂಟೆ ಬೇಕು. ಅತ್ತಿಗೆ ನಿನ್ನೆ ಮಲಗಿದ್ದು ಹನ್ನೆರಡೂಕಾಲಿಗೆ. ನಾಲ್ಕೂವರೆಗೆ ಎದ್ದರೆ ನಿದ್ದೆ ನಾಲ್ಕೂಕಾಲು ಗಂಟೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನಿದ್ದೆ ಕದ್ದು ಧ್ಯಾನಕ್ಕೆ ಕೊಟ್ಟರೆ ಏನು ಬಂತು?

ಚಿಕ್ಕಪ್ಪ, 6:40
ಬೇಗ ಮಲಗಬೇಕು ಮಗಳೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ನಾನು ಕಟ್ಟಿದ ಮಾತಲ್ಲ, ಆಯುರ್ವೇದದ ಅಷ್ಟಾಂಗಹೃದಯದಲ್ಲಿ ವಾಗ್ಭಟ ಹೇಳಿದ್ದು.

ನಾನು, 6:52
ಹಸಿ ಅಡಿಕೆ ಮನೆಗೆ ಬಂದಮೇಲೆ ಬೇಗ ಮಲಗೋದು ಹೇಗೆ ಚಿಕ್ಕಪ್ಪ? ಕೊನೆ, ಅಂದರೆ ಗೊನೆ, ಇಳಿಸಿದ್ದನ್ನ ಸುಲಿದು ಚೊಗರಲ್ಲಿ (ಅಡಿಕೆ ಬೆಂದು ಉಳಿದ ಕಪ್ಪು ರಸ) ಬೇಯಿಸಲೇಬೇಕು, ನಾಳೆ ನೋಡೋಣ ಅನ್ನೋ ಕೆಲಸ ಅಲ್ಲ ಅದು. ಶನಿವಾರ ನಾನು ಅಲ್ಲೇ ಇದ್ದೆ. ಚಪ್ಪರದಲ್ಲಿ ಮೆಟ್ಟುಗತ್ತಿ ಹಿಡಿದು ಸುಲಿಯೋಕೆ ಕೂತವರು 14 ಜನ. ಅತ್ತಿಗೆ ಅವರಿಗೆಲ್ಲ ಎರಡು ಸಲ ಚಾ ಕೊಟ್ಟರು, ರಾತ್ರಿ ಊಟ ಬಡಿಸಿದರು, ನಡುವೆ ಹಂಡೆಯ ಬೆಂಕಿ ನೋಡಿದರು. ಅವರ ಲೋಟ ಒಳಕಲ್ಲಿನ ಹತ್ರ ಇತ್ತು. ಮೇಲೆ ಕೆನೆ ಕಟ್ಟಿತ್ತು. ಹತ್ತು ಗಂಟೆಗೆ ಆ ಚಾ ಚೆಲ್ಲಿ ಲೋಟ ತೊಳೆದಿಟ್ಟಿದ್ದನ್ನ ನಾನೇ ನೋಡಿದೆ.

ದೊಡ್ಡಮ್ಮ, 7:10
ನಾವು ಇದಕ್ಕಿಂತ ಜಾಸ್ತಿ ಮಾಡಿದ್ದೇವೆ. ಯಾರೂ ಹೀಗೆ ಲೆಕ್ಕ ಇಟ್ಟಿರಲಿಲ್ಲ.

ಅಕ್ಕ, 7:14
ಮಾಡಿದ್ದೀರಿ ದೊಡ್ಡಮ್ಮ, ಇಲ್ಲ ಅನ್ನೋದಿಲ್ಲ. ಆದರೆ ಆಗ ಒಲೆ ಮುಂದೆ ಐದು ಜನ ಹೆಂಗಸರು. ಒಬ್ಬರು ಹಾಲು ಕರೆದರೆ ಇನ್ನೊಬ್ಬರು ದೋಸೆಗೆ ರುಬ್ಬುತ್ತಿದ್ದರು. ಈಗ ನಾವೆಲ್ಲ ಬೆಂಗಳೂರು, ಪುಣೆ ಸೇರಿದ್ದೇವೆ. ಐದು ಜನರ ಕೆಲಸ ಒಬ್ಬರ ಮೇಲೆ ಬಿದ್ದಿದೆ.

ತಮ್ಮ, 7:20
ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡ್ತಾರೆ, ಗಂಡಸರು 88. ಮಾಮೂಲಿ ದಿನದ ಲೆಕ್ಕ ಇದು, ಕೊಯ್ಲಿನದ್ದಲ್ಲ.

ಅಣ್ಣ, 7:45
ಎಲ್ಲರೂ ಸೇರಿ ನನ್ನನ್ನ ಕೆಲಸಗಳ್ಳ ಮಾಡಬೇಡಿ. ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಇವತ್ತು ಬರ್ತೀನಿ ಅಂದವನು ನಾಡಿದ್ದು ಅಂತಿದಾನೆ. ಮೇಲಿನ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಸೋಗೆ ಎಲ್ಲ ಸುಟ್ಟ ಹಾಗಾಗಿದೆ, ಎರಡು ಸಲ ಔಷಧಿ ಹೊಡೆಸಿದೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತಲ್ಲ. ಬರೀ ಮರವೇ ಕಣ್ಣ ಮುಂದೆ.

ಅಕ್ಕ, 7:49
ಅಣ್ಣ, ನಿನ್ನ ಮೇಲೆ ದೂರಲ್ಲ ಇದು. ಮೂರು ಗಂಟೆಗೆ ಎಚ್ಚರ ಆಗೋದು ಎಷ್ಟು ದಿನದಿಂದ? ಎರಡು ವಾರ ದಾಟಿದ್ದರೆ ಸುಮ್ಮನೆ ಇರಬೇಡ. 14416 ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸಹಾಯ ಮಾಡೋ ನಂಬರ್, ಸರ್ಕಾರದ್ದು, ದುಡ್ಡಿಲ್ಲ, 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತೋಟದಲ್ಲಿ ಒಬ್ಬನೇ ಇರುವಾಗ ಮಾಡು. ಮಧ್ಯಾಹ್ನ ನಾನೂ ಫೋನ್ ಮಾಡ್ತೀನಿ.

ಚಿಕ್ಕಪ್ಪ, 8:02
ವಿಷಯ ಎಲ್ಲಿಗೋ ಹೋಯಿತು. ನಾನು ಒಳ್ಳೆಯದಕ್ಕೇ ಕಳಿಸಿದ್ದು. ದಿನಚರ್ಯೆ ಇಲ್ಲದ ಬದುಕು ದಡವಿಲ್ಲದ ಹೊಳೆ.

ನಾನು, 8:30
ಒಳ್ಳೆಯದಕ್ಕೇ ಅಂತ ಗೊತ್ತು ಚಿಕ್ಕಪ್ಪ. ದಿನಚರ್ಯೆ ಬೇಡ ಅಂತಲೂ ಅಲ್ಲ. ಅಷ್ಟಾಂಗಹೃದಯ ನಿಮ್ಮ ಹತ್ರವೇ ಕಲಿತದ್ದು, ಅದಕ್ಕೇ ಕೇಳ್ತಿದ್ದೀನಿ. 'ಬ್ರಾಹ್ಮೇ ಮುಹೂರ್ತೇ ಉತ್ತಿಷ್ಠೇತ್ ಸ್ವಸ್ಥೋ ರಕ್ಷಾರ್ಥಮಾಯುಷಃ.' ಅಲ್ಲಿ 'ಸ್ವಸ್ಥಃ' ಅಂತ ಇದೆ. ಆರೋಗ್ಯವಾಗಿ ಇರುವವನು ಏಳಲಿ ಅಂತ. ನಿದ್ದೆಗೆಟ್ಟು ಸೋತವರನ್ನೂ ಎಬ್ಬಿಸಿ ಅಂತ ಎಲ್ಲಿದೆ? ಅಭ್ಯಂಗದ, ಅಂದರೆ ಎಣ್ಣೆ ಹಚ್ಚೋ ಮಾತಲ್ಲೂ 'ಶಿರಃಶ್ರವಣಪಾದೇಷು' ವಿಶೇಷವಾಗಿ ಅಂತ ಹೇಳಿದ್ದಾರೆ. ನೆತ್ತಿ, ಕಿವಿ, ಪಾದ. ಮೈಗೆಲ್ಲ ಆಗದ ದಿನ ಇಷ್ಟಕ್ಕಾದರೂ ಎಣ್ಣೆ ಹಚ್ಚಬಹುದಲ್ಲ, ಐದು ನಿಮಿಷ ಸಾಕು. ವ್ಯಾಯಾಮಕ್ಕೂ 'ಅರ್ಧಶಕ್ತಿ'ಯ ಮಿತಿ ಹಾಕಿದ್ದಾರೆ. ಅತ್ತಿಗೆಯ ಪೂರ್ತಿ ಶಕ್ತಿ ಸಂಜೆ ಆರಕ್ಕೇ ಮುಗಿದಿರುತ್ತೆ.

ಇನ್ನೊಂದು ಮಾತು. ಇದಾಗಿ ಒಂದು ಅಧ್ಯಾಯ ಬಿಟ್ಟು, ತಡೆಯಬಾರದ 13 ವೇಗಗಳ, ಅಂದರೆ ಮೈಯ ಸಹಜ ಒತ್ತಡಗಳ ಪಟ್ಟಿ ಇದೆ. ಹಸಿವು, ಬಾಯಾರಿಕೆ, ನಿದ್ದೆ, ಮೂತ್ರ, ಆಯಾಸದ ಉಸಿರು ಎಲ್ಲ ಅದರಲ್ಲಿ ಬರುತ್ತೆ. ಕಣ್ಣೀರು ಕೂಡ. ಆ ಫಾರ್ವರ್ಡಿನ ಹತ್ತರಲ್ಲಿ ಇದರ ಸುದ್ದಿಯೇ ಇಲ್ಲ. ಕೆಲಸದ ದಿನಗಳಲ್ಲಿ ನಮ್ಮ ಮನೆ ಹೆಂಗಸರು ದಿನವಿಡೀ ತಡೆಯೋದು ಇವನ್ನೇ. ನನ್ನ ಕೇಳಿದರೆ ಆರೈಕೆ ಇಲ್ಲಿಂದ ಶುರುವಾಗಬೇಕು. ಬಾಯಾರಿದಾಗ ನೀರು, ಹಸಿದಾಗ ಊಟ, ಬಂದಾಗ ಬಚ್ಚಲಿಗೆ ಹೋಗುವಷ್ಟು ಬಿಡುವು. ಧ್ಯಾನ ಆಮೇಲೆ.

ದೊಡ್ಡಮ್ಮ, 8:41
ಗುಂಪಿನಲ್ಲಿ ಬಚ್ಚಲಿನ ಮಾತೆಲ್ಲ ಯಾಕೆ? ಗಂಡಸರೆಲ್ಲ ಇದ್ದಾರೆ.

ಅತ್ತಿಗೆ, 11:17
ಈಗ ನೋಡಿದೆ. ತಿಂಡಿ, ಕೊಟ್ಟಿಗೆ ಮುಗಿಸಿ ಕೂತೆ.

ದೊಡ್ಡಮ್ಮ, ನಾನೇ ಹೇಳ್ತೇನೆ, ನಾಚಿಕೆ ಬಿಟ್ಟು. ಹೋದ ವರ್ಷ ಇದೇ ಹೊತ್ತಿಗೆ ನಂಗೆ ಚಳಿಜ್ವರ ಬಂದು ನಾಲ್ಕು ದಿನ ಮಲಗಿದ್ದೆನಲ್ಲ, ಎಲ್ಲರಿಗೂ ಥಂಡಿ ಅಂತ ಹೇಳಿದ್ದೆ. ಥಂಡಿ ಅಲ್ಲ, ಮೂತ್ರದ ಸೋಂಕು. ಕೊಟ್ಟಿಗೆ ದಾಟಿ ಕತ್ತಲಲ್ಲಿ ಹೋಗಬೇಕು, ಹಂಡೆ ಬಿಟ್ಟು ಹೋದರೆ ಬೆಂಕಿ ಆರುತ್ತೆ, ಚಪ್ಪರದಲ್ಲಿ ಅಷ್ಟು ಜನ. ಹೋಗೋದು ತಪ್ಪಲಿ ಅಂತ ಸಂಜೆ ನಾಲ್ಕರ ಮೇಲೆ ನೀರು ಕುಡಿಯೋದೇ ಬಿಟ್ಟಿದ್ದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು, ನೀರು ಎಷ್ಟು ಕುಡೀತೀರಿ ಅಂತ.

ಚಿಕ್ಕಪ್ಪನ ಮೇಲೆ ನಂಗೆ ಸಿಟ್ಟಿಲ್ಲ. ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳೋದು ನಂಗೂ ಇಷ್ಟ. ಅಮ್ಮ ತಲೆಗೆ ಎಣ್ಣೆ ತಟ್ಟುತ್ತಿದ್ದರು, ಅದು ಮೈಯಲ್ಲೇ ಇದೆ ಇನ್ನೂ. ಆದರೆ ಆ ಪಟ್ಟಿ ಓದಿದಾಗ ಅನಿಸಿದ್ದು, ಇದೂ ಒಂದು ಕೆಲಸ ಬಾಕಿ ಉಳೀತು ಅಂತ.

ಚಿಕ್ಕಪ್ಪ, 11:40
ಮಗಳೇ, ಇದು ಯಾರಿಗೂ ಗೊತ್ತಿರಲಿಲ್ಲ. 'ಸ್ವಸ್ಥ' ಶಬ್ದಕ್ಕೆ ನಾನು ಒಪ್ಪುತ್ತೇನೆ. ಎಷ್ಟೋ ಸಲ ಪಾಠ ಹೇಳಿದ ಶ್ಲೋಕ, ಈ ಮನೆಗೆ ಅನ್ವಯಿಸಿ ನೋಡಿರಲಿಲ್ಲ. ಆದರೆ ಪ್ರಾಣಾಯಾಮವನ್ನು ಪೂರ್ತಿ ಬಿಡಬೇಡ. ಹಂಡೆಯ ಮುಂದೆ ಕೂತಾಗ ಹತ್ತು ಸಲ ನಿಧಾನವಾಗಿ ಉಸಿರು ಬಿಡು, ಅಷ್ಟೇ.

ಅತ್ತಿಗೆ, 11:43
ಹೊಗೆಯಲ್ಲಿ ಬೇಡ ಚಿಕ್ಕಪ್ಪ. ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಮಾಡ್ತೇನೆ.

ದೊಡ್ಡಮ್ಮ, 12:20
ನನಗೂ ಎರಡನೇ ಹೆರಿಗೆ ಆದ ವರ್ಷ ಹೀಗೇ ಆಗಿತ್ತು. ಅತ್ತೆಗೆ ಹೇಳಲಿಲ್ಲ. ಆದರೂ ಇದನ್ನೆಲ್ಲ ಇಲ್ಲಿ ಬರೆಯೋದು ನನಗೆ ಸರಿ ಕಾಣೋದಿಲ್ಲ.

ಅಕ್ಕ, 12:24
ದೊಡ್ಡಮ್ಮ, ಅವತ್ತು ಯಾರಾದರೂ ಕೇಳಿದ್ದರೆ ನೀವು ಹೇಳ್ತಿದ್ದಿರಾ?

ಅಣ್ಣ, 1:05
ಥಂಡಿ ಅಂತಲೇ ನಾನೂ ನಂಬಿದ್ದೆ. ಇವತ್ತು ಸಂಜೆಯೇ ಕೊಟ್ಟಿಗೆ ಹತ್ರ ಲೈಟ್ ಎಳೀತೀನಿ, ವಯರ್ ಇದೆ. ಎಂಟರ ಮೇಲೆ ಹಂಡೆ ನಂದು. ಎರಡನೇ ಚಾ ಥರ್ಮಾಸ್‌ನಲ್ಲಿ ಹಾಕಿ ಚಪ್ಪರದಲ್ಲಿ ಇಟ್ಟರೆ ಅವರೇ ಬಗ್ಗಿಸಿಕೊಳ್ತಾರೆ.

ತಮ್ಮ, 1:09
ದೊಡ್ಡ ಥರ್ಮಾಸ್ ನಾನು ಕಳಿಸ್ತೀನಿ. ಮುಂದಿನ ವಾರ ಐದು ದಿನ ರಜೆ ಹಾಕಿದ್ದೀನಿ, ಬರ್ತೀನಿ. ಸುಲಿಯೋಕೆ ಬರಲ್ಲ, ಬಡಿಸೋಕೆ ಬರುತ್ತೆ.

ದೊಡ್ಡಮ್ಮ, 1:30
ಗಂಡುಮಕ್ಕಳು ಬಡಿಸಿದರೆ ಸುಲಿಯಲು ಬಂದವರು ಸಂಕೋಚ ಪಡ್ತಾರೆ.

ನಾನು, 1:33
ಎರಡು ದಿನ ಸಂಕೋಚ ಪಡ್ತಾರೆ ದೊಡ್ಡಮ್ಮ, ಮೂರನೇ ದಿನ ಉಪ್ಪಿನಕಾಯಿ ಕೇಳ್ತಾರೆ.

ಅತ್ತಿಗೆ, ರಾತ್ರಿ 10:38
ಹಂಡೆ ಇವರು ನೋಡ್ತಿದ್ದಾರೆ. ಲೈಟ್ ಹಾಕಿದ್ದಾರೆ, ಹಟ್ಟಿಯ ಗೋಡೆವರೆಗೂ ಕಾಣುತ್ತೆ. ಚಾ ಬಿಸಿ ಇರುವಾಗಲೇ ಕುಡಿದೆ. ಪಾದಕ್ಕೆ ಎಣ್ಣೆ ಹಚ್ಚಿದ್ದೇನೆ, ಚೊಗರಿನ ಕಪ್ಪು ಮಾತ್ರ ಕೈಯಿಂದ ಹೋಗಲಿಲ್ಲ. ಮಲಗ್ತೇನೆ. ಬೆಳಿಗ್ಗೆ ಆರರ ತನಕ ಯಾರೂ ಫೋನ್ ಮಾಡಬೇಡಿ.