ಸಿಆರ್‌ಪಿ 7 ದಾಟಿದೆ, ಉರಿಯೂತ ಇಳಿಸಿಕೊಂಡವರು ಯಾರಾದರೂ ಇದ್ದೀರಾ?

ಕೇಳಿದವರು (ಮೈಸೂರು): ನನಗೆ 44 ವರ್ಷ. ಆರು ತಿಂಗಳಿಂದ ಸುಸ್ತು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ಮೈಯೊಳಗಿನ ಉರಿಯೂತ ಅಳೆಯುವ ರಕ್ತ ಪರೀಕ್ಷೆ ಮಾಡಿಸಿದೆ, ಎಚ್‌ಎಸ್ ಸಿಆರ್‌ಪಿ 6.8 ಬಂತು. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದೆ, 7.1. ಉರಿಯೂತದ್ದೇ ಇನ್ನೊಂದು ಪರೀಕ್ಷೆ ಇಎಸ್‌ಆರ್, ಅದು 42. ಊಟದಲ್ಲಿ ಏನು ಬಿಟ್ಟರೆ ಇಳಿಯುತ್ತದೆ? ಅನುಭವ ಇದ್ದವರು ಹೇಳಿ.

ತುಮಕೂರಿನ ಟೀಚರ್: ನಾನು 22 ತಿಂಗಳು ಹಾಳು ಮಾಡಿಕೊಂಡೆ. ಸಂಧಿವಾತಕ್ಕೆ ಗಿಡಮೂಲಿಕೆ ಪುಡಿ ಅಂತ ಒಬ್ಬರು ಕೊಡುತ್ತಿದ್ದರು, ತಿಂಗಳಿಗೆ 1,800 ರೂಪಾಯಿ. ಲೆಕ್ಕ ಹಾಕಿ, 39,600. ಒಂದೇ ವಾರದಲ್ಲಿ ನೋವು ಮಾಯ! ಊರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಮುಖ ದುಂಡಗಾಯಿತು, ಶುಗರ್ 240. ರುಮಟಾಲಜಿ ಡಾಕ್ಟರ್, ಅಂದರೆ ಕೀಲುವಾತದ ತಜ್ಞರು, ಮುಖ ನೋಡಿದವರೇ "ಯಾವ ಪುಡಿ ತಿಂತಿದ್ದೀರಮ್ಮ?" ಅಂದರು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರು. ದಿಢೀರ್ ಬಿಡುವ ಹಾಗೂ ಇಲ್ಲ, ಇಳಿಸುತ್ತ ಇಳಿಸುತ್ತ ಐದು ತಿಂಗಳು ಹಿಡಿಯಿತು. ರುಮಟಾಯ್ಡ್ ಸಂಧಿವಾತ ಪತ್ತೆಗೆ ಮಾಡುವ ರಕ್ತ ಪರೀಕ್ಷೆ, ಆಂಟಿ ಸಿಸಿಪಿ, ಪಾಸಿಟಿವ್ ಇತ್ತು. ಈಗ ಅದಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ 15 ಮಿಲಿಗ್ರಾಂ, ವಾರಕ್ಕೊಮ್ಮೆ ಭಾನುವಾರ ಮಾತ್ರ, ಸೋಮವಾರ ಫೋಲಿಕ್ ಆಸಿಡ್. ಮಾತ್ರೆಗೆ ತಿಂಗಳಿಗೆ 400 ರೂಪಾಯಿ ಕೂಡ ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ, ಲಿವರ್ ಟೆಸ್ಟ್‌ಗೆ 1,100. ಸಿಆರ್‌ಪಿ ಇಳಿದಿದೆ. ಆದರೆ ಬಲಗೈ ಎರಡು ಬೆರಳು ಸೊಟ್ಟಗಾದದ್ದು ನೆಟ್ಟಗಾಗಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಇವತ್ತಿಗೂ ಸೀಮೆಸುಣ್ಣ ಜಾರುತ್ತದೆ.

ದಾವಣಗೆರೆ: ಎಲ್ಲದಕ್ಕೂ ಮಾತ್ರೆ ಬೇಕಿಲ್ಲ. ನನ್ನ ಸೊಂಟ 104 ಸೆಂಟಿಮೀಟರ್ ಇತ್ತು, ಫ್ಯಾಟಿ ಲಿವರ್, ಸಿಆರ್‌ಪಿ 5.4. ಹೊಟ್ಟೆಯೊಳಗಿನ ಕೊಬ್ಬೇ ಉರಿಯೂತಕ್ಕೆ ಕಾರಣ. ಸಿಗರೇಟು ಬಿಟ್ಟೆ. ಸಂಜೆಯ ಮಂಡಕ್ಕಿ ಮಿರ್ಚಿ ಬಿಟ್ಟೆ, ಅದು ಸಿಗರೇಟಿಗಿಂತ ಕಷ್ಟವಾಯಿತು. ದಿನಾ 50 ನಿಮಿಷ ನಡೆದೆ. 11 ತಿಂಗಳಿಗೆ ಸೊಂಟ 92, ಸಿಆರ್‌ಪಿ 1.6. ಮಧ್ಯೆ ಮಗಳ ಮದುವೆ ಬಂದು ಮೂರು ಕಿಲೋ ವಾಪಸ್ ಬಂತು, ಮತ್ತೆ ಶುರುವಿನಿಂದ. ಮಾತ್ರೆ ಹಿಡಿದರೆ ಸಾಯುವವರೆಗೂ ಬಿಡೋಕಾಗಲ್ಲ ಅನ್ನೋ ಭಯ ನನಗೆ.

ತುಮಕೂರಿನ ಟೀಚರ್: ಸಾರ್, ನಿಮ್ಮದು ಹೊಟ್ಟೆ, ನನ್ನದು ಕೀಲು. ನಾನೂ ನಡೆದಿದ್ದೇನೆ. ಬೆರಳು ಸೊಟ್ಟಗಾಗುವುದು ವಾಕಿಂಗ್‌ನಿಂದ ನಿಲ್ಲಲಿಲ್ಲ. ಇಂಥ ಮಾತು ಕೇಳಿಯೇ ನಾನು ಪುಡಿಯ ಹಿಂದೆ ಹೋದದ್ದು.

ದಾವಣಗೆರೆ: ಪುಡಿ ತಿನ್ನಿ ಅಂತ ನಾನು ಹೇಳಿದೆನಾ ಮೇಡಂ? ನಿಮ್ಮ ಕೋಪ ನನ್ನ ಮೇಲೆ ಯಾಕೆ?

ಹುಬ್ಬಳ್ಳಿ: ಹಲ್ಲು ತೋರಿಸಿದ್ದೀರಾ ಯಾರಾದರೂ? ನನಗೆ ಹಲ್ಲುಜ್ಜಿದಾಗಲೆಲ್ಲ ರಕ್ತ ಬರುತ್ತಿತ್ತು, ನಾಲ್ಕು ವರ್ಷ ತಲೆ ಕೆಡಿಸಿಕೊಳ್ಳಲಿಲ್ಲ. ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿಸಿದೆ, ನಾಲ್ಕು ಸಲ, ಒಟ್ಟು 9,600. ಎರಡು ದವಡೆ ಹಲ್ಲು ಉಳಿಯಲಿಲ್ಲ. ಸಿಆರ್‌ಪಿ 4.2 ಇದ್ದದ್ದು 2.1ಕ್ಕೆ ಬಂತು, ಶುಗರೂ ಸ್ವಲ್ಪ ಇಳಿಯಿತು.

ಶಿವಮೊಗ್ಗ: ಅರಿಶಿನದ ಕ್ಯಾಪ್ಸೂಲ್ ಬಗ್ಗೆ ಹೇಳಲೇಬೇಕು. ದಿನಕ್ಕೆ ಅರಿಶಿನದ ಸತ್ವ ಕರ್ಕ್ಯುಮಿನ್ 1,000 ಮಿಲಿಗ್ರಾಂ, ಜೊತೆಗೆ ಕಾಳುಮೆಣಸಿನ ಸಾರ. ಬಾಟಲಿಗೆ 1,450, ಮೂರು ಬಾಟಲಿ. ಕಣ್ಣು ಹಳದಿಯಾಯಿತು, ಲಿವರ್ ಟೆಸ್ಟ್‌ನಲ್ಲಿ ಎಸ್‌ಜಿಪಿಟಿ 412. ಬಿಟ್ಟ ಮೇಲೆ ಸರಿಹೋಗಲು ಎರಡು ತಿಂಗಳು ಬೇಕಾಯಿತು.

ಶಿರಸಿ: ಅರಿಶಿನಕ್ಕೆ ಕೆಟ್ಟ ಹೆಸರು ತರಬೇಡಿ. ನಮ್ಮ ಅಜ್ಜಿ 91 ವರ್ಷ ಅರಿಶಿನದ ಹಾಲು ಕುಡಿದವರು.

ಶಿವಮೊಗ್ಗ: ಅಜ್ಜಿ ಕುಡಿದದ್ದು ಒಂದು ಚಿಟಿಕೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲು, ಹೆಚ್ಚು ಕಮ್ಮಿ. ನನ್ನ ಕ್ಯಾಪ್ಸೂಲ್ ಅಂದರೆ ದಿನಾ ಸುಮಾರು 33 ಗ್ರಾಂ ಪುಡಿ ನುಂಗಿದ ಹಾಗೆ. ಕಾಳುಮೆಣಸು ಅದನ್ನು ರಕ್ತಕ್ಕೆ ಇನ್ನೂ ಜಾಸ್ತಿ ಸೇರಿಸುತ್ತದೆ. ಅಡುಗೆಗೆ ನಾನೂ ಹಾಕುತ್ತೇನೆ.

ಶಿರಸಿ: ಹಾಗಾದರೆ ಕ್ಯಾಪ್ಸೂಲ್ ಅನ್ನಿ, ಅರಿಶಿನ ಅನ್ನಬೇಡಿ. ನಾವು ಬೆಳೆಯುವವರು, ಹೊಟ್ಟೆ ಉರಿಯುತ್ತದೆ.

ತುಮಕೂರಿನ ಟೀಚರ್: ಮೈಸೂರಿನವರೇ, ಒಂದು ಹೇಳಿ. ಬೆಳಗಿನ ಬಿಗಿತ ಬಿಡಲು ಎಷ್ಟು ಹೊತ್ತು?

ಕೇಳಿದವರು (ಮೈಸೂರು): ಒಂದೂವರೆ ಗಂಟೆ ಅಕ್ಕ. ಚಪಾತಿ ಹಿಟ್ಟು ಈಗ ಮನೆಯವರೇ ನಾದುತ್ತಾರೆ.

ತುಮಕೂರಿನ ಟೀಚರ್: ನನಗೂ ಅಷ್ಟೇ ಹೊತ್ತು ಇತ್ತಮ್ಮ. ಊಟದ ಪಟ್ಟಿ ಆಮೇಲೆ ನೋಡೋಣ. ಈ ವಾರವೇ ರುಮಟಾಲಜಿ ಡಾಕ್ಟರ್‌ಗೆ ತೋರಿಸಿ, ಆಂಟಿ ಸಿಸಿಪಿ ಕೇಳಿ. ರಿಪೋರ್ಟ್ ಬಂದ ದಿನ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.