ದವಡೆಯ ಒಂದು ತುಂಡಿನಿಂದ 7 ಮೀಟರ್ ರೆಕ್ಕೆಯ ಲೆಕ್ಕ ಹೇಗೆ?

ಪ್ರಶ್ನೆ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2011ರಲ್ಲಿ ಸಿಕ್ಕ ಥಪುಂಗಾಕಾ ಟೆರೊಸಾರ್‌ನದ್ದು (ಡೈನೋಸಾರ್ ಕಾಲದ ಹಾರುವ ಸರೀಸೃಪ) ಕೆಳದವಡೆಯ ಮುಂಭಾಗ ಮಾತ್ರ. ರೆಕ್ಕೆಯ ಹರವು ಸುಮಾರು 7 ಮೀಟರ್ ಅಂತ ಹೇಗೆ ಹೇಳ್ತಾರೆ? ಮಿಕ್ಕ ಮೂಳೆ ಎಲ್ಲಿ ಹೋದವು?

ಉತ್ತರ 1: ಹಲ್ಲಿನ ಗೂಡುಗಳ ಅಂತರ, ದವಡೆಯಡಿಯ ಏಣು, ಇವನ್ನು ಬ್ರೆಜಿಲ್‌ನ ಟ್ರೋಪಿಯೊಗ್ನಾಥಸ್‌ನಂಥ ಹತ್ತಿರದ ಬಳಗದ ಜೊತೆ ಹೋಲಿಸ್ತಾರೆ. ಬೆಳೆದ ಹಾಗೆ ತಲೆ-ರೆಕ್ಕೆಯ ಅನುಪಾತ ಬದಲಾಗಬಹುದು, ಹಾಗಾಗಿ 7 ಬರೀ ಅಂದಾಜು, ಅಳತೆಯಲ್ಲ. ಮಿಕ್ಕ ಮೂಳೆಗಳು ಟೊಳ್ಳು, ಗೋಡೆ ತೀರಾ ತೆಳು. ಆಗ ಅಲ್ಲಿದ್ದ ಸಮುದ್ರದ ತಳ ಸೇರುವ ಮೊದಲೇ ಚದುರಿ ಪುಡಿಯಾಗ್ತವೆ.

ಉತ್ತರ 2: ಉಳಿದು ಸಿಕ್ಕ ಇಂಥ ತೆಳು ಮೂಳೆಯನ್ನು ಸುಣ್ಣಕಲ್ಲಿನಿಂದ ಬಿಡಿಸಲು ಸುಮಾರು 5% ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವ ಆಮ್ಲ) ಸಾಕು. ಹೊರಬಂದ ಮೂಳೆಗೆ ಪ್ಯಾರಲಾಯ್ಡ್ ಬಿ-72 (ಮೂಳೆ ಗಟ್ಟಿ ಮಾಡುವ ಅಕ್ರಿಲಿಕ್ ಅಂಟು) ಬಳಿದು, ಒಣಗಿಸಿ, ಮತ್ತೆ ಆಮ್ಲದಲ್ಲಿ ಅದ್ದಬೇಕು.

ಪ್ರಶ್ನಿಸಿದವರು: ಮೂಳೆ ಕರಗಲ್ವಾ?

ಉತ್ತರ 2: ಮೂಳೆಯ ಫಾಸ್ಫೇಟ್ ನಿಧಾನಕ್ಕೆ ಕರಗುತ್ತೆ, ಆಮ್ಲಕ್ಕೆ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದ್ರೆ ಇನ್ನೂ ಕಡಿಮೆ. ನಿಜವಾದ ಅಪಾಯ ಆಮೇಲೆ: ಆಮ್ಲದಲ್ಲಿಟ್ಟ ಸಮಯದ ಮೂರು ಪಟ್ಟು ನೀರಲ್ಲಿ ತೊಳೀದಿದ್ರೆ ಒಳಗೆ ಉಪ್ಪಿನ ಹರಳು ಬೆಳೆದು ಮೂಳೆ ಸೀಳುತ್ತೆ.